ದಿನಕ್ಕೊಂದು ಸುಳ್ಳಿನ ಮೇಷ್ಟ್ರು

ನಮ್ಮ ಮೇಷ್ಟ್ರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ, ಕೊಳವೆ ಬಾವಿ ಉದ್ಘಾಟನೆಯ ಸುದ್ದಿಯ ಕೆಳಗೆ ಬಂದಿತ್ತು. ಹುಟ್ಟೂರು ಮಂಚೇನಹಳ್ಳಿ ಎಂದಿತ್ತು, ಅವರದು ನಗರಗೆರೆ. ಫೋಟೊ ಬೇರೆ ಯಾರದ್ದೋ ದಪ್ಪ ಮೀಸೆಯವರದ್ದು. ನಮ್ಮವರಿಗೆ ಮೀಸೆಯೇ ಇರಲಿಲ್ಲ. ಸಾಲದ್ದಕ್ಕೆ 'ಮೃದುಭಾಷಿ' ಎಂದು ಬೇರೆ ಬರೆದಿದ್ದರು. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತು ಬೈಸಿಕೊಂಡಿದ್ದ ನನಗೆ ಅದನ್ನು ಓದಿ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಮೇಷ್ಟ್ರೇ ಬದುಕಿದ್ದಿದ್ದರೆ ಈ ಸುದ್ದಿಯನ್ನು ಒಂದು ತಿಂಗಳು ಬಿಟ್ಟು ಓದುತ್ತಿದ್ದರು.

ತಮಾಷೆಗೆ ಹೇಳುತ್ತಿಲ್ಲ. ಚಿಂತಾಮಣಿಯ ನಮ್ಮ ಕಾಲೇಜಿನಲ್ಲಿ ಅವರು ಇತಿಹಾಸ, ನಾನು ಕನ್ನಡ. ಸ್ಟಾಫ್ ರೂಮಿನ ಪತ್ರಿಕೆಯನ್ನು ನಾವೆಲ್ಲ ಬೆಳಿಗ್ಗೆ ಕಿತ್ತಾಡಿ ಓದಿ ಎಸೆದ ಮೇಲೆ ಅವರು ಅದನ್ನು ನೀಟಾಗಿ ಮಡಿಸಿ, ಮನೆಗೆ ಒಯ್ದು, ಅಟ್ಟಕ್ಕೆ ಹಾಕುತ್ತಿದ್ದರು. ತಿಂಗಳು ಕಳೆದ ಮೇಲೆ ಒಂದೊಂದೇ ಇಳಿಸಿಕೊಂಡು ಓದುವುದು. "ತಾಜಾ ಪೇಪರು ಹಲಸಿನಕಾಯಿ ಇದ್ದಂಗೆ ಕಣಯ್ಯಾ, ಮುಟ್ಟಿದ್ರೆ ಬರೀ ಅಂಟು. ತಿಂಗಳು ಬಿಟ್ಟು ನೋಡು, ಅರ್ಧ ತಾನೇ ಉದುರಿಹೋಗಿರುತ್ತೆ. ಮಿಕ್ಕಿದ್ದು ಜಾಹೀರಾತು. ಕಡೆಗೆ ನಿಲ್ಲೋದು ಸತ್ತವರ ಸುದ್ದಿ, ಮಳೆ ಸುದ್ದಿ, ಎರಡೇ" ಎನ್ನುವರು. ಯಾರಾದರೂ ಬಾಯಿತಪ್ಪಿ ಅವತ್ತಿನ ಸುದ್ದಿ ಎತ್ತಿದರೆ ಎರಡೂ ಕಿವಿ ಮುಚ್ಚಿಕೊಂಡು, "ಹೇಳಬೇಡಿ, ಹೇಳಬೇಡಿ! ತಿಂಗಳಾಗ್ಲಿ!" ಎಂದು ಕೂಗಿಬಿಡುವರು. ಒಮ್ಮೆ ಒಂದು ಸರ್ಕಾರ ಬಿದ್ದದ್ದು ಅವರಿಗೆ ಗೊತ್ತಾಗುವ ಹೊತ್ತಿಗೆ ಅದರ ನಂತರದ್ದೂ ಅಲುಗಾಡುತ್ತಿತ್ತು. "ಏನು ನಷ್ಟ ಆಯ್ತು ನನಗೆ, ಹೇಳಿ?" ಎಂದು ಎದೆ ಸೆಟೆಸಿ ಕೇಳಿದರು.

ನಷ್ಟ ಆಗುತ್ತಿದ್ದದ್ದು ಅವರ ಹೆಂಡತಿ ಲಕ್ಷ್ಮೀದೇವಮ್ಮನವರಿಗೆ. "ಇವತ್ತು ಮಳೆ ಅಂತ ಪೇಪರ್‌ನಲ್ಲಿದೆ, ಹಪ್ಪಳ ಒಣಗಿಸಬೇಡ ಅಂತಾರಪ್ಪಾ. ಯಾವ ಪೇಪರು? ಹೋದ ತಿಂಗಳದ್ದು! ಇವರನ್ನ ಕಟ್ಕೊಂಡು ಹೆಂಗೆ ಬಾಳೋದು?" ಎಂದು ನನ್ನೆದುರು ಗೋಳಾಡುವರು. ಗೋಳಾಡಿದರೂ ಆಕೆಯ ಮುಖದಲ್ಲಿ ಒಂದು ತುಂಟ ನಗು ಇರುತ್ತಿತ್ತು. ಮೇಷ್ಟ್ರಿಗೆ ಸರಿಯಾದ ಜೋಡಿ. ಮಕ್ಕಳಿರಲಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಆಡಿಕೊಂಡೇ ಕಾಲ ಕಳೆಯುತ್ತಿದ್ದರು.

ನೋಡಲು ಮೇಷ್ಟ್ರು ಇತಿಹಾಸ ಪ್ರಾಧ್ಯಾಪಕರಿಗಿಂತ ನಿವೃತ್ತ ಬಸ್ ಕಂಡಕ್ಟರರ ಹಾಗಿದ್ದರು. ಮಾಸಿದ ಖಾಕಿ ಬಣ್ಣದ ಸಫಾರಿ, ಕಾಲುಚೀಲವಿಲ್ಲದ ಷೂ, ಬಿರುಬಿಸಿಲಿನಲ್ಲೂ ಬಿಚ್ಚದೆ ಕಂಕುಳಲ್ಲಿ ಇರುಕಿಕೊಂಡ ಕೊಡೆ. ಅವರ ಸ್ಕೂಟರನ್ನು ಹುಡುಗರು ತಳ್ಳಿದರೆ ಮಾತ್ರ ಅದು ಹೊರಡುತ್ತಿತ್ತು. "ಇತಿಹಾಸ ಮುಂದಕ್ಕೆ ಹೋಗೋದೂ ಹಿಂಗೇನೇ ಕಣ್ರೋ. ತಳ್ಳೋರು ನೀವು, ಕೂರೋನು ನಾನು" ಎಂದು ಅದಕ್ಕೂ ಒಂದು ಪಾಠ ಹೇಳುವರು. ಹುಡುಗರು ನಗುತ್ತಾ ತಳ್ಳುವರು. ನನಗಂತೂ ಹೊಟ್ಟೆಕಿಚ್ಚು. ನಾನು ಕನ್ನಡ ಹೇಳಿಕೊಡುವ ಸೌಮ್ಯ ಮನುಷ್ಯ, ನನ್ನ ಸೈಕಲ್ ಪಂಕ್ಚರ್ ಆದರೆ ಒಬ್ಬನೂ ತಿರುಗಿ ನೋಡುತ್ತಿರಲಿಲ್ಲ.

ಅವರ ಕೊಂಕಿನಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ಕಾಲೇಜು ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ನಮ್ಮ ಭವ್ಯ ಸಂಸ್ಕೃತಿಯ ಬಗ್ಗೆ ಮಧ್ಯಾಹ್ನದಿಂದ ಮಾತಾಡುತ್ತಾ, ಊಟಕ್ಕೆ ಬಂದಿದ್ದ ಚಿತ್ರಾನ್ನವೆಲ್ಲ ಆರಿ ತಣ್ಣಗಾದಾಗ ನನ್ನ ಕಿವಿಯಲ್ಲಿ ಉಸುರಿದರು: "ಸಂಸ್ಕೃತಿ ಅಂದ್ರೆ ಏನು ಗೊತ್ತೇನಯ್ಯಾ? ಕೈಗೆ ಸಿಕ್ಕಿದ ಮೈಕನ್ನ ಪಕ್ಕದವನಿಗೆ ಬಿಟ್ಟುಕೊಡೋದು. ನಮ್ಮಲ್ಲಿ ಅದು ಇನ್ನೂ ಹುಟ್ಟಿಲ್ಲ." ಆಗ ಟಿವಿಯಲ್ಲಿ ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಬರುತ್ತಿದ್ದ ಕಾಲ. ಬೀದಿಗೊಂದು ಟಿವಿ, ಅದಕ್ಕೆ ಹೂವಿನ ಹಾರ, ಎದುರಿಗೆ ಊದುಬತ್ತಿ. ಮೇಷ್ಟ್ರು ಪಕ್ಕದ ಮನೆಗೆ ಹೋಗಿ ಎಲ್ಲರ ಜೊತೆ ಕೂತು ನೋಡುವರು, ಮಂಗಳಾರತಿಯನ್ನೂ ತೆಗೆದುಕೊಳ್ಳುವರು. ಆಮೇಲೆ ಮನೆಯವರನ್ನು, "ಮಧ್ಯೆ ಸೋಪಿನ ಜಾಹೀರಾತು ಬಂತಲ್ಲಮ್ಮಾ, ಅದಕ್ಕೂ ಆರತಿ ಎತ್ತಿದ್ರಲ್ಲ, ಆ ಸೋಪು ಯಾವ ದೇವರು?" ಎಂದು ಕೇಳಿ ಬೈಸಿಕೊಂಡು ಬರುವರು. ಬೈಸಿಕೊಂಡ ದಿನ ಅವರ ನಡಿಗೆಯಲ್ಲೇ ಒಂದು ಗತ್ತು ಇರುತ್ತಿತ್ತು.

ಇನ್ನು ಅವರ ಪಾಠ. ಕ್ಲಾಸಿಗೆ ಹೋದವರೇ ಕೊಡೆಯನ್ನು ಮೇಜಿನ ಮೇಲಿಟ್ಟು, "ಇವತ್ತಿನ ಪಾಠದಲ್ಲಿ ಒಂದೇ ಒಂದು ಸುಳ್ಳಿದೆ. ಬೆಲ್ ಹೊಡೆಯೋದರೊಳಗೆ ಹಿಡೀರಿ" ಎಂದು ಶುರು ಮಾಡುವರು. ಹಿಡಿದವರು ಎದ್ದು ನಿಂತು, ಕೈ ಎತ್ತಿ, "ಸಿಕ್ತು ಸಾರ್!" ಎನ್ನಬೇಕು. ಹಿಡಿದವರಿಗೆ ಗೇಟಿನೆದುರು ಪ್ಯಾರುಸಾಬಿಯ ಅಂಗಡಿಯಲ್ಲಿ ಮೇಷ್ಟ್ರ ಲೆಕ್ಕದಲ್ಲಿ ಒಂದು ಟೀ. ಯಾರೂ ಹಿಡಿಯದಿದ್ದರೆ ಮಾರನೇ ದಿನ ತಾವೇ ಸುಳ್ಳನ್ನು ಬಿಚ್ಚಿ ತೋರಿಸಿ, ಇಡೀ ಕ್ಲಾಸಿಗೆ ಚೆನ್ನಾಗಿ ಮಂಗಳಾರತಿ ಮಾಡುವರು.

ಒಂದು ಸಲ, ಚೋಳರ ಕಾಲದಲ್ಲಿ ಚಿಂತಾಮಣಿಯ ಟೊಮೇಟೊ ಗಾಡಿಗಟ್ಟಲೆ ತಂಜಾವೂರಿನ ಅರಮನೆಗೆ ಹೋಗುತ್ತಿತ್ತು ಎಂದು ಹೇಳಿಬಿಟ್ಟರು. ಟೊಮೇಟೊ ಬೆಳೆಯುವವರ ಮಕ್ಕಳೇ ಅರ್ಧ ಕ್ಲಾಸು. ಟೊಮೇಟೊ ಈ ದೇಶಕ್ಕೆ ಬಂದದ್ದು ಯಾವಾಗ ಎಂದು ಕೇಳುವ ಬದಲು ಎಲ್ಲರೂ ಹೆಮ್ಮೆಯಿಂದ ಬರೆದುಕೊಂಡರು. ಮಾರನೇ ದಿನ ಮೇಷ್ಟ್ರು ಕುಣಿದಾಡಿಬಿಟ್ಟರು. "ಹೊಗಳಿದ್ರೆ ಸಾಕು, ಏನ್ ಕೊಟ್ರೂ ನುಂಗ್ತೀರಲ್ಲೋ! ನಿಮ್ಮೂರನ್ನ ಯಾವನಾದ್ರೂ ಹೊಗಳಿದ ಅಂದ್ರೆ ಮೊದಲು ಜೇಬು ಮುಟ್ಟಿ ನೋಡ್ಕೊಳ್ರೋ!"

ಪ್ರಿನ್ಸಿಪಾಲರು ಕರೆದು, ಸಿಲಬಸ್ಸಿನಲ್ಲಿ ಸುಳ್ಳು ಇಲ್ಲವಲ್ಲ ಎಂದು ಆಕ್ಷೇಪಿಸಿದರು. "ಸಿಲಬಸ್ ಪೂರ್ತಿ ಓದಿದ್ದೀರಾ ಸಾರ್?" ಎಂದು ಮೇಷ್ಟ್ರು ಕೇಳಿದ ಮೇಲೆ ಆ ವಿಷಯ ಅಲ್ಲಿಗೇ ನಿಂತಿತು. ಈ ಪದ್ಧತಿ ಅವರ ಮನೆಯಲ್ಲೂ ನಡೆಯುತ್ತಿತ್ತು. ಊಟಕ್ಕೆ ಕೂತಾಗ "ಸಾರು ಅಮೃತ ಕಣೇ" ಎಂದು ಅವರು ಬಾಯಿ ತೆಗೆಯುತ್ತಿದ್ದಂತೆ, ಒಲೆ ಮುಂದಿನಿಂದ ಲಕ್ಷ್ಮೀದೇವಮ್ಮನವರು ಸೌಟನ್ನು ಮೇಲಕ್ಕೆತ್ತಿ, "ಸಿಕ್ತು ಸಾರ್!" ಎನ್ನುವರು. ನಾನೇ ಆ ಮನೆಯಲ್ಲಿ ಉಣ್ಣುವಾಗ ಎಷ್ಟೋ ಸಲ ಕೇಳಿದ್ದೇನೆ.

ಪ್ಯಾರುಸಾಬಿಯನ್ನು ಇಲ್ಲಿ ಸರಿಯಾಗಿ ಪರಿಚಯಿಸಬೇಕು. ಅವನ ಅಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವನು. ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಅಪ್ಪನ ಬೆರಳು ಬೆಂದುಹೋದದ್ದನ್ನು ನೋಡಿದ ಮಗ, ಬಿಸಿನೀರನ್ನು ಕುಡಿಸುವ ಕಸುಬೇ ವಾಸಿ ಎಂದು ನಮ್ಮೂರಿಗೆ ಬಂದು ಟೀ ಅಂಗಡಿ ಹಾಕಿದ. ಕಾಲೇಜಿನ ಗೇಟಿನೆದುರು, ಶಿಡ್ಲಘಟ್ಟದ ರಸ್ತೆಯ ಪಕ್ಕ, ಯಾರು ಯಾವಾಗ ಹಾಸಿದರೋ ಗೊತ್ತಿಲ್ಲದ ಒಂದು ಅಗಲವಾದ ಕಲ್ಲುಚಪ್ಪಡಿ ಇತ್ತು. ಅರ್ಧ ಚಪ್ಪಡಿಯ ಮೇಲೆ ಅವನ ಒಲೆ, ತಗಡು, ಬಿಸ್ಕತ್ತಿನ ಡಬ್ಬಗಳು. ಮಿಕ್ಕರ್ಧದ ಮೇಲೆ ಗಿರಾಕಿಗಳು. ಗೂಡಿನ ಮೂಟೆ ಹೊತ್ತು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟ ರೈತರೆಲ್ಲ ಅಲ್ಲಿ ಇಳಿದು ಒಂದು ಲೋಟ ಕುಡಿದೇ ಹೋಗುವರು. ಆ ಚಪ್ಪಡಿಯ ಮೂಡಣ ಮೂಲೆ ಮೇಷ್ಟ್ರದ್ದು. ಸಂಜೆ ಅಲ್ಲಿ ಕಾಲು ಇಳಿಬಿಟ್ಟು ಕೂತರೆಂದರೆ ಜಗತ್ತಿನ ವಿಚಾರಣೆ ಶುರು.

"ಏನ್ ಸಾರ್, ಇವತ್ತು ಎಂಥಾ ಸುಳ್ಳ್ ಹೇಳಿದ್ರಿ?" ಎಂದು ಲೋಟ ಕೊಡುತ್ತಾ ಪ್ಯಾರು ದಿನಾ ಕೇಳುವನು. ಕೇಳಿ, ಹೊಟ್ಟೆ ಹಿಡಿದುಕೊಂಡು ನಗುವನು.

ಒಂದು ದಿನ ಮೇಷ್ಟ್ರು ಅಂಬಾಜಿದುರ್ಗದ ಬಗ್ಗೆ ಪಾಠ ಮಾಡುತ್ತಿದ್ದರು. ಕ್ಲಾಸು ತೂಕಡಿಸುತ್ತಿತ್ತು. ಎಬ್ಬಿಸಬೇಕಲ್ಲ, ಅದಕ್ಕೆ ಅವತ್ತಿನ ಸುಳ್ಳನ್ನು ಸ್ವಲ್ಪ ಧಾರಾಳವಾಗಿಯೇ ಬಿಟ್ಟರು. ದುರ್ಗವನ್ನು ಶತ್ರುಸೈನ್ಯ ಮುತ್ತಿತಂತೆ. ಬುಡದ ಹಳ್ಳಿಯಲ್ಲಿ ನಾಗಮ್ಮ ಎನ್ನುವ ಮಜ್ಜಿಗೆ ಮಾರುವವಳಿದ್ದಳಂತೆ. ಅವಳು ಒಂದು ಗಡಿಗೆ ಮಜ್ಜಿಗೆಗೆ ಉಮ್ಮತ್ತಿ ಬೀಜ ಅರೆದು ಹಾಕಿ, ಒಯ್ದು, ಇಡೀ ದಂಡಿಗೆ ಕುಡಿಸಿದಳಂತೆ. ದಂಡು ಮಲಗಿತು, ಕೋಟೆ ಉಳಿಯಿತು, ಎಚ್ಚರವಾದ ದಂಡನಾಯಕ ಅವಳನ್ನು ಕೊಂದ. ಕತೆಗೆ ಒಂದು ಕೊನೆ ಬೇಕಿತ್ತು. ಮೇಷ್ಟ್ರು ಕಿಟಕಿಯಿಂದ ಆಚೆ ನೋಡಿದರು. ಪ್ಯಾರು ಟೀ ಸೋಸುತ್ತಿದ್ದದ್ದು ಕಂಡಿತು. "ಅವಳ ಸಮಾಧಿ ಯಾವುದು ಗೊತ್ತಾ? ನೀವು ದಿನಾ ಕೂತು ಟೀ ಕುಡೀತೀರಲ್ಲ, ಅದೇ ಚಪ್ಪಡಿ!"

ಹಿಡಿಯಲು ಅನುಕೂಲವಾಗಲಿ ಎಂದೇ ಅವರು ಸುಳ್ಳಿನ ಬಾಲವನ್ನು ಹೊರಗೆ ಬಿಟ್ಟಿದ್ದರು. ಒಂದು ಗಡಿಗೆ ಮಜ್ಜಿಗೆ ಇಡೀ ದಂಡಿಗೆ ಹೇಗೆ ಸಾಕಾಯಿತು ಎಂದು ಯಾವನಾದರೂ ಕೇಳಬೇಕಿತ್ತು. ಶತ್ರುಸೈನ್ಯ ಅಂದರೆ ಯಾರದ್ದು ಎಂದಾದರೂ ಕೇಳಬೇಕಿತ್ತು. ಬೆಲ್ ಹೊಡೆಯಿತು. ಯಾರೂ ಕೇಳಲಿಲ್ಲ. ಮಾರನೇ ದಿನ ಬಿಚ್ಚೋಣ ಎಂದುಕೊಂಡು ಮೇಷ್ಟ್ರು ಹಲ್ಲು ಮಸೆಯುತ್ತಾ ಬಂದರೆ, ಬಸ್ ಪಾಸಿನ ಸಲುವಾಗಿ ಹುಡುಗರ ಮುಷ್ಕರ. ಗೇಟಿಗೆ ಬೀಗ. ಮುಷ್ಕರ ಎಳೆದು ಎಳೆದು ಪರೀಕ್ಷೆಯ ರಜೆಗೆ ತಗುಲಿಕೊಂಡಿತು. ಆ ಕ್ಲಾಸು ಮತ್ತೆ ಸೇರಲೇ ಇಲ್ಲ. ಸುಳ್ಳು ಹಾಗೇ ಹೊರಗೆ ಹೋಯಿತು.

ಆ ಕ್ಲಾಸಿನಲ್ಲಿ ವೆಂಕಟರವಣ ಎಂಬುವನಿದ್ದ. ಎಂದೂ ನೋಟ್ಸ್ ಬರೆದವನಲ್ಲ. ಅವತ್ತು ಒಂದು ದಿನ ಅಕ್ಷರ ಬಿಡದೆ ಬರೆದುಕೊಂಡಿದ್ದನಂತೆ. ಡಿಗ್ರಿ ಮುಗಿಸಿ, ಅಲ್ಲಿ ಇಲ್ಲಿ ಅಲೆದು, ಕೊನೆಗೆ ಊರಲ್ಲೇ ಒಂದು ವಾರಪತ್ರಿಕೆ ಶುರು ಮಾಡಿದ. ಸಂಪಾದಕ, ವರದಿಗಾರ, ಹಂಚುವವನು ಎಲ್ಲ ಅವನೇ. ರಾಜ್ಯೋತ್ಸವದ ವಿಶೇಷ ಸಂಚಿಕೆಗೆ ಜಾಹೀರಾತು ಸಾಕಷ್ಟು ಸಿಕ್ಕವು, ಅವುಗಳ ಮಧ್ಯೆ ತುಂಬಲು ಮಾತ್ರ ಏನೂ ಇರಲಿಲ್ಲ. ಆಗ ನೆನಪಾದವಳು ನಾಗಮ್ಮ. 'ನಮ್ಮೂರಿನ ವೀರನಾರಿ: ಖ್ಯಾತ ಇತಿಹಾಸ ಪ್ರಾಧ್ಯಾಪಕರ ಸಂಶೋಧನೆ' ಎಂದು ಮುಖಪುಟ ತುಂಬಾ ಹಾಕಿದ. ಗಡಿಗೆ ಹೊತ್ತ ನಾಗಮ್ಮನ ಚಿತ್ರವನ್ನೂ ಬರೆಸಿದ್ದ. ಅವಳ ಮೂಗುತಿ, ಬಳೆ ಎಲ್ಲ ಪಕ್ಕದ ಪುಟದ ಚಿನ್ನದಂಗಡಿಯ ಜಾಹೀರಾತಿನಲ್ಲಿದ್ದ ಹಾಗೇ ಇದ್ದವು.

ಇಡೀ ಊರು ಓದಿತು. ನಾನೂ ಓದಿದೆ. ಗೌರಿಬಿದನೂರಿನ ಮಾವನ ಮನೆಯಲ್ಲಿ ರಜೆ ಕಳೆಯುತ್ತಿದ್ದಾಗ ಮಾವನಿಗೆ ಗಟ್ಟಿಯಾಗಿ ಓದಿ ಹೇಳಿ, ಬರೆದವನ ಮೇಷ್ಟ್ರು ನನ್ನ ಪಕ್ಕದ ಕುರ್ಚಿಯವರು ಎಂದು ಜಂಬ ಬೇರೆ ಕೊಚ್ಚಿಕೊಂಡೆ. ಓದದೇ ಇದ್ದವರು ಒಬ್ಬರೇ. ಸಂಚಿಕೆ ಅಟ್ಟದ ಮೇಲಿತ್ತು. ಸಹೋದ್ಯೋಗಿಗಳು "ಸಾರ್, ಪೇಪರ್‌ನಲ್ಲಿ ನಿಮ್ಮ..." ಎಂದು ಬಾಯಿ ತೆರೆದರೆ ಸಾಕು, "ತಿಂಗಳಾಗ್ಲಿ!" ಎಂದು ಕಿವಿ ಮುಚ್ಚಿಕೊಂಡರು. ಬೀದಿಯಲ್ಲಿ ಜನ ಹೊಸದಾಗಿ ಕೈ ಮುಗಿಯತೊಡಗಿದರು. ಕೊನೆಗೂ ಈ ಊರಿಗೆ ಬುದ್ಧಿ ಬಂತು ಎಂದುಕೊಂಡರು ನಮ್ಮ ಮೇಷ್ಟ್ರು.

ತಿಂಗಳು ಕಳೆದು ಅಟ್ಟದಿಂದ ಪತ್ರಿಕೆ ಇಳಿಸಿ ಓದಿದ ದಿನ ಅವರು ಕೊಡೆಯನ್ನೂ ಮರೆತು ಪ್ಯಾರುವಿನ ಅಂಗಡಿಗೆ ಓಡಿ ಬಂದರು. ನಾನೂ ಅಲ್ಲೇ ಇದ್ದೆ. ಅಷ್ಟರಲ್ಲಿ ಮಜ್ಜಿಗೆ ನಾಗಮ್ಮ ಸ್ಮಾರಕ ಸಮಿತಿ ಹುಟ್ಟಿ, ವಂತಿಗೆ ಎತ್ತಿ, ಕಲ್ಲುಕುಟಿಗರಿಗೆ ವಿಗ್ರಹ ಒಪ್ಪಿಸಿ ಆಗಿತ್ತು. ಸಮಾಧಿಯ ಮೇಲೆ ಟೀ ಅಂಗಡಿ ಇರುವುದು ಊರಿಗೇ ಅವಮಾನ, ಗುದ್ದಲಿ ಪೂಜೆಯ ಹೊತ್ತಿಗೆ ತೆಗೆಯಬೇಕು ಎಂದು ಸಮಿತಿಯವರು ಹಿಂದಿನ ದಿನವಷ್ಟೇ ಹೇಳಿ ಹೋಗಿದ್ದರು.

ಪ್ಯಾರು ಬೈಯಲಿಲ್ಲ. ಅಳಲೂ ಇಲ್ಲ. ಲೋಟ ತೊಳೆಯುತ್ತಾ, "ಸಾರ್, ಆ ನಾಗಮ್ಮಂಗೆ ನಾನ್ ಏನ್ ಮಾಡಿದ್ದೆ ಸಾರ್?" ಎಂದ.

ಎಲ್ಲದಕ್ಕೂ ಎದುರುತ್ತರ ಇಟ್ಟುಕೊಂಡೇ ಓಡಾಡುವ ಮನುಷ್ಯ ಅವತ್ತು ಚಪ್ಪಡಿಯ ಮೇಲೆ ಕೂರಲೇ ಇಲ್ಲ. ನನಗೆ ಅವರನ್ನು ನೋಡಿ ಮೊದಲ ಸಲ ಅಯ್ಯೋ ಅನ್ನಿಸಿತು. ಬೇರೆ ಕಡೆ ಅಂಗಡಿ ಹಾಕಲು ಪ್ಯಾರುವಿಗೆ ಜಾಗವಿರಲಿಲ್ಲ, ಇದ್ದ ಜಾಗ ಅವನದ್ದು ಎನ್ನಲು ಕಾಗದವೂ ಇರಲಿಲ್ಲ. ಆ ಒಲೆ ಹೋದರೆ ಮತ್ತೆ ಶಿಡ್ಲಘಟ್ಟ, ಮತ್ತೆ ಅಪ್ಪನ ಬಿಸಿನೀರು.

"ನಡೀ, ಹೋಗಣ. ಸುಳ್ಳು ಅಂತ ಹೇಳಿಬಿಟ್ರೆ ಮುಗೀತಲ್ಲ" ಎಂದು ನನ್ನನ್ನು ಸಮಿತಿಯ ಸಭೆಗೆ ಎಳೆದೊಯ್ದರು. ಸಮಿತಿಯ ಅಧ್ಯಕ್ಷರು ಹಳೆಯ ಜಮೀನುದಾರರ ಮನೆಯವರು, ದೊಡ್ಡ ಮನುಷ್ಯರು, ಮೇಷ್ಟ್ರನ್ನು ಕಂಡವರೇ ಎದ್ದು ಕಾಲಿಗೆರಗಿದರು. ಮೇಷ್ಟ್ರು ನಿಂತುಕೊಂಡೇ ಹೇಳಿದರು. "ನಾಗಮ್ಮ ಅನ್ನೋಳು ಇರ್ಲೇ ಇಲ್ಲ. ನಾನು ಕ್ಲಾಸಲ್ಲಿ ಹೇಳಿದ ಸುಳ್ಳು ಅದು. ಹುಡುಗ್ರು ಹಿಡೀಲಿ ಅಂತ ಹೇಳಿದ್ದು. ಒಂದು ಗಡಿಗೆ ಮಜ್ಜಿಗೆ ಒಂದು ದಂಡಿಗೆ ಸಾಕಾಗುತ್ತೇನ್ರಪ್ಪಾ? ಯೋಚ್ನೆ ಮಾಡಿ!"

ಅಧ್ಯಕ್ಷರ ಕಣ್ಣು ಒದ್ದೆಯಾದವು. "ಅದೇ ಸಾರ್ ಪವಾಡ!" ಎಂದರು. "ಒಂದೇ ಗಡಿಗೆ! ಬರಿದೇ ಆಗ್ಲಿಲ್ಲ!"

ಮೂಲೆಯಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದು ತೆಲುಗಿನಲ್ಲೇ ಶುರು ಮಾಡಿದರು. "ಮಾ ಅವ್ವ ಚೆಪ್ತಾ ಉಂಡೇದಿ ಕದಯ್ಯಾ! ನಮ್ಮಜ್ಜಿ ಹೇಳೋಳು, ನಾನು ಇಷ್ಟುದ್ದ ಇದ್ದಾಗ. ಮಜ್ಜಿಗೆ ನಾಗಮ್ಮನ ಕತೆ ಹೇಳಿದ್ರೇನೇ ನಾನು ಮಲಗ್ತಾ ಇದ್ದದ್ದು!" ಎಂದು ಎದೆ ಮುಟ್ಟಿಕೊಂಡು ಹೇಳಿದರು. ಸುಳ್ಳು ಹೇಳುವ ಮುಖವಲ್ಲ ಅದು. ಅವರಿಗೆ ನಿಜವಾಗಿಯೂ ನೆನಪಿತ್ತು.

ಮೇಷ್ಟ್ರು ವೆಂಕಟರವಣನ ಕಡೆ ತಿರುಗಿದರು. "ಲೋ, ನೀನಾದ್ರೂ ಹೇಳೋ. ದಿನಾ ಒಂದು ಸುಳ್ಳು ಹೇಳ್ತಿದ್ದೆನೋ ಇಲ್ಲವೋ?"

"ಹೇಳ್ತಿದ್ರಿ ಸಾರ್" ಎಂದ ಅವನು. "ಆದ್ರೆ ಅವತ್ತಿನ ಸುಳ್ಳು ಬೇರೆ ಇರ್ಬೇಕು ಸಾರ್. ಇದು ನಿಜಾನೇ ಅನ್ಸುತ್ತೆ. ನೀವು ಅಷ್ಟು ಚೆನ್ನಾಗಿ ಹೇಳಿದ್ರಿ."

ಮಾರನೇ ವಾರ ಅವನ ಪತ್ರಿಕೆಯಲ್ಲಿ, ಪ್ರಾಧ್ಯಾಪಕರ ಮೇಲೆ ಕಾಣದ ಕೈಗಳ ಒತ್ತಡ ಎಂದು ಬಂತು. ಟೀ ಅಂಗಡಿಯವನು ಮೇಷ್ಟ್ರಿಗೆ ಬಿಟ್ಟಿ ಟೀ ಕುಡಿಸಿ ಬಾಯಿ ಮುಚ್ಚಿಸಿದ್ದಾನೆ ಎಂಬ ಪಿಸುಮಾತೂ ಹುಟ್ಟಿತು. ಈ ಸಲ ಮೇಷ್ಟ್ರು ತಿಂಗಳು ಕಾಯಲಿಲ್ಲ. ಪತ್ರಿಕೆ ಬಂದ ದಿನವೇ, ಗೇಟಿನಲ್ಲಿ ನಿಂತೇ ಓದಿದರು. ಅಷ್ಟು ವರ್ಷದ ವ್ರತ ಮುರಿದದ್ದು ಅವತ್ತು.

ಗುದ್ದಲಿ ಪೂಜೆಯ ಬೆಳಿಗ್ಗೆ ಚಪ್ಪಡಿಯ ಸುತ್ತ ಜನವೋ ಜನ. ಮಾವಿನ ತೋರಣ, ತೆಂಗಿನಕಾಯಿ, ಹಾರೆ ಹಿಡಿದ ಕೂಲಿಯವರು. ಪ್ಯಾರು ಬಿಸ್ಕತ್ತಿನ ಡಬ್ಬಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಒಲೆಯನ್ನು ಮಾತ್ರ ಆರಿಸಿರಲಿಲ್ಲ. ಯಾಕೋ ಕೈ ಬರಲಿಲ್ಲ ಎಂದು ಆಮೇಲೆ ಹೇಳಿದ. ಅಧ್ಯಕ್ಷರು ಸಂಶೋಧಕರಿಂದಲೇ ಎರಡು ಮಾತು ಬರಲಿ ಎಂದು ಮೈಕನ್ನು ಮೇಷ್ಟ್ರ ಕೈಗೆ ಕೊಟ್ಟರು. ಮತ್ತೆ ನಿಜ ಹೇಳಿ ಊರಿನಿಂದ ಉಗಿಸಿಕೊಳ್ಳುತ್ತಾರೆ ಎಂದುಕೊಂಡೆ.

"ಮೊನ್ನೆ ನಾನು ಹೇಳಿದ್ದು ತಪ್ಪು" ಎಂದು ಶುರು ಮಾಡಿದರು. ಕ್ಲಾಸಿನಲ್ಲಿ ಇರುತ್ತಿದ್ದ ಅದೇ ದನಿ. "ನಾಗಮ್ಮ ಇದ್ದಳು. ಆದ್ರೆ ಅವಳು ಒಬ್ಬಳೇ ಇರ್ಲಿಲ್ಲ. ಅಷ್ಟು ದೊಡ್ಡ ಗಡಿಗೆ ಒಬ್ಬ ಹೆಂಗಸು ಹೊರೋಕಾಗುತ್ತಾ? ಹೊತ್ತವನು ಒಬ್ಬ ಫಕೀರ. ಅವಳ ಜೊತೆ ನಿಂತು ಲೋಟ ಲೋಟ ಹಂಚಿದವನು ಅವನು. ಪ್ರಾಣ ಬಿಡೋವಾಗ ಅವನ ಕೈ ಹಿಡ್ಕೊಂಡು ನಾಗಮ್ಮ ಏನು ಹೇಳಿದ್ಲು ಗೊತ್ತಾ? ನನ್ನ ಕಲ್ಲಿನ ಮೇಲೆ ಒಲೆ ಆರಬಾರದು. ದಾರಿಯಲ್ಲಿ ಹೋಗೋರಿಗೆ ಕುಡಿಯೋಕೆ ಕೊಡೋದು ನಿಲ್ಲಬಾರದು. ನಿನ್ನ ಮನೆಯವರೇ ಕೊಡಬೇಕು. ಈ ಒಲೆ ಕಿತ್ತವರ ಮನೆ ಒಲೆ ಉರಿಯೋದಿಲ್ಲ."

ಹಾರೆಯವರು ಹಾರೆ ಕೆಳಗಿಟ್ಟರು. ಎಲ್ಲರ ಕಣ್ಣೂ ಪ್ಯಾರುವಿನ ಒಲೆಯ ಕಡೆ ಹೊರಳಿದವು. ಅದು ಉರಿಯುತ್ತಿತ್ತು.

ಮೇಷ್ಟ್ರು ಮೈಕು ಕೆಳಗಿಳಿಸಲಿಲ್ಲ. ಜನರನ್ನು ಒಂದು ಕಡೆಯಿಂದ ನೋಡುತ್ತಾ ಬಂದರು. ನನಗೆ ಅರ್ಥವಾಯಿತು. ಬೆಲ್ ಹೊಡೆಯುವ ಮುಂಚೆ ಕ್ಲಾಸನ್ನು ನೋಡುತ್ತಿದ್ದದ್ದು ಹೀಗೆಯೇ. ಒಬ್ಬ ಕೈ ಎತ್ತಲಿ ಎಂದು ಕಾಯುತ್ತಿದ್ದರು ಪುಣ್ಯಾತ್ಮ! ಕೈ ಎತ್ತಿದರೆ ಪ್ಯಾರುವಿನ ಅಂಗಡಿ ಹೋಗುತ್ತದೆ ಎಂದು ಗೊತ್ತಿದ್ದೂ ಕಾಯುತ್ತಿದ್ದರು. ನಾಗಮ್ಮನ ಕತೆ ಮೊದಲು ಕೇಳಿದ ಹುಡುಗರೇ ಎಷ್ಟೋ ಜನ ಅಲ್ಲಿದ್ದರು. ವೆಂಕಟರವಣನ ಮೇಲೆ ಅವರ ನೋಟ ನಿಂತಿತು. ಅವನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ.

ಅಂಗಡಿ ಉಳಿಯಿತು. ವಿಗ್ರಹವನ್ನು ಚಪ್ಪಡಿಯ ಪಕ್ಕದ ಮಣ್ಣಿನಲ್ಲಿ ನಿಲ್ಲಿಸಿದರು, ಸುತ್ತ ಬಣ್ಣದ ಕಂಬಿ ಹಾಕಿದರು. ಪ್ಯಾರುವಿಗೆ ಮೊದಲಿಗಿಂತ ಗಿರಾಕಿ. ಚಪ್ಪಡಿ ಮಾತ್ರ ದೇವರಾಗಿಬಿಟ್ಟಿತು. ಅದರ ಮೇಲೆ ಯಾರೂ ಕೂರುವ ಹಾಗಿಲ್ಲ, ಚಪ್ಪಲಿ ಬಿಟ್ಟು ಹತ್ತಬೇಕು ಎಂದು ಒಂದು ಬೋರ್ಡು ಬಂತು. ಮೇಷ್ಟ್ರ ಮೂಡಣ ಮೂಲೆಯಲ್ಲಿ ಒಂದು ತಗಡಿನ ದೀಪದ ಗೂಡು ತಂದಿಟ್ಟರು. ಅಲ್ಲಿಂದ ಮುಂದೆ ಅವರು ರಸ್ತೆಯ ಪಕ್ಕ, ಧೂಳಿನಲ್ಲಿ, ಕಂಕುಳ ಕೊಡೆಯ ಸಮೇತ ನಿಂತುಕೊಂಡೇ ಟೀ ಕುಡಿದರು. ನಿಂತು ಕುಡಿದರೆ ಅವರಿಗೆ ಕೊಂಕು ಮಾತು ಅಷ್ಟಾಗಿ ಬರುತ್ತಿರಲಿಲ್ಲ. "ಎಂಥಾ ಸುಳ್ಳ್ ಹೇಳಿದ್ರಿ ಸಾರ್?" ಎಂದು ಪ್ಯಾರುವೂ ಕೇಳುವುದನ್ನು ಬಿಟ್ಟ.

ಕ್ಲಾಸಿನ ಪದ್ಧತಿಯೂ ನಿಂತಿತು. ಹುಡುಗರು "ಸಾರ್, ಇವತ್ತಿನ ಸುಳ್ಳು?" ಎಂದು ಪೀಡಿಸಿದರೆ, "ಸ್ಟಾಕ್ ಖಾಲಿ ಕಣ್ರಪ್ಪಾ" ಎನ್ನುವರು. ನೆಟ್ಟಗೆ ಪಾಠ ಮಾಡುವರು, ಹುಡುಗರು ನೆಟ್ಟಗೆ ನಿದ್ದೆ ಮಾಡುವರು. ಉತ್ತರಪತ್ರಿಕೆಗಳಲ್ಲಿ ನಾಗಮ್ಮ ಬರತೊಡಗಿದಳು. ಮೇಷ್ಟ್ರು ಸೊನ್ನೆ ಹಾಕಿದರೆ, ಸ್ಥಳೀಯ ಇತಿಹಾಸಕ್ಕೆ ಪ್ರೋತ್ಸಾಹ ಕೊಡಬೇಕು ಎಂದು ಮೇಲಿನವರು ಅದನ್ನು ತಿದ್ದಿ ಅಂಕ ಕೊಟ್ಟರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದಾಗ ನಾನು, "ಹೋಗ್ಲಿ ಬಿಡಿ ಸಾರ್, ಒಬ್ಬನ ಹೊಟ್ಟೆಪಾಡು ಉಳೀತಲ್ಲ" ಎಂದೆ.

"ಉಳೀತು" ಎಂದರು. "ನಿಜ ಹೇಳ್ದಾಗ ಉಳೀಲಿಲ್ಲ ಕಣಯ್ಯಾ. ಅದು ನನಗೆ ನುಂಗೋಕಾಗ್ತಿಲ್ಲ. ಇಷ್ಟು ವರ್ಷ ಇವರಿಗೆ ಸುಳ್ಳು ಹಿಡಿಯೋದು ಕಲಿಸ್ತಿದ್ದೀನಿ ಅಂದ್ಕೊಂಡಿದ್ದೆ. ನಾನು ಕಲಿಸಿದ್ದು ಸುಳ್ಳನ್ನ." ಅವರ ಕಣ್ಣು ಕೆಂಪಾಗಿತ್ತು. ನಾನು ಎದ್ದು ಹೋಗಿ ಸುಮ್ಮನೆ ಕಿಟಕಿ ಮುಚ್ಚಿ ಬಂದೆ.

ಆಮೇಲೆ ಅವರು ನಿವೃತ್ತರಾದರು. ನನಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಹಬ್ಬಕ್ಕೋ ಮದುವೆಗೋ ಸಿಕ್ಕರೆ ಬೈಯುವರು, ನಾನು ಬೈಸಿಕೊಳ್ಳುವೆ. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಈ ಸಾವಿನ ಸುದ್ದಿ.

ಸಂತಾಪ ಸಭೆಯನ್ನು ಬೇರೆಲ್ಲಿ ಮಾಡುತ್ತಾರೆ? ನಾಗಮ್ಮನ ಚಪ್ಪಡಿಯ ಎದುರೇ ಶಾಮಿಯಾನ ಹಾಕಿದ್ದರು. ನಾನು ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಬಂದು ಇಳಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಲಕ್ಷ್ಮೀದೇವಮ್ಮನವರನ್ನು ಕೂರಿಸಿದ್ದರು. ಬಡಕಲಾಗಿದ್ದರು, ತೊಡೆಯ ಮೇಲೆ ಮೇಷ್ಟ್ರ ಕೊಡೆ. ಗಡ್ಡ ನರೆತ ಪ್ಯಾರು ಅಂಗಡಿಯ ಮರೆಯಲ್ಲಿ ಕೈ ಕಟ್ಟಿ ನಿಂತಿದ್ದ. ಮಾಲೆ ಹಾಕಿದ್ದ ಫೋಟೊ, ದೇವರ ದಯ, ಮೇಷ್ಟ್ರದ್ದೇ ಆಗಿತ್ತು.

ಅಧ್ಯಕ್ಷರಿಗೂ ವಯಸ್ಸಾಗಿತ್ತು, ಮೈಕಿನ ಮೇಲಿನ ಪ್ರೀತಿ ಕಡಿಮೆಯಾಗಿರಲಿಲ್ಲ. ಮೇಷ್ಟ್ರು ನಾಗಮ್ಮನನ್ನು ಕತ್ತಲಿನಿಂದ ಬೆಳಕಿಗೆ ತಂದದ್ದನ್ನು ಹೇಳಿದರು, ವಿನಯದಿಂದ ಮೊದಲು ತಮ್ಮ ಸಂಶೋಧನೆಯನ್ನೇ ಅಲ್ಲಗಳೆದದ್ದನ್ನು ಹೇಳಿದರು. ಕೊನೆಗೆ ದನಿ ತಗ್ಗಿಸಿ, "ಒಂದು ಗುಟ್ಟು ಇವತ್ತು ಹೇಳ್ತೀನಿ" ಎಂದರು. "ನಾಗಮ್ಮನ ಮಕ್ಕಳು ಆಮೇಲೆ ನಗರಗೆರೆ ಕಡೆ ವಲಸೆ ಹೋದ್ರಂತೆ. ನಮ್ಮ ಮೇಷ್ಟ್ರು ಯಾವ ಊರಿನೋರು? ನಗರಗೆರೆ! ಅವರು ಬಾಯಿ ಬಿಟ್ಟು ಹೇಳ್ಲಿಲ್ಲ, ದೊಡ್ಡ ಮನುಷ್ಯರು. ನಾಗಮ್ಮನ ವಂಶದ ಕೊನೇ ಕುಡಿ, ನಮ್ಮ ಮೇಷ್ಟ್ರೇ!"

ಚಪ್ಪಾಳೆ ಬಿದ್ದವು. ನನ್ನ ಮೈಯೆಲ್ಲ ಉರಿಯಿತು. ಹೆಣವಾದ ಮೇಲೂ ಬಿಡಲಿಲ್ಲವಲ್ಲ ಇವರು! ಎದ್ದು ಏನಾದರೂ ಕೂಗಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಲಕ್ಷ್ಮೀದೇವಮ್ಮನವರು ಎದ್ದು ನಿಂತರು. ಚಪ್ಪಾಳೆ ತಣ್ಣಗಾಯಿತು. ಆಕೆ ಕೊಡೆಯನ್ನು ಸೌಟಿನ ಹಾಗೆ ಮೇಲಕ್ಕೆತ್ತಿ, ಫೋಟೊವನ್ನೇ ನೋಡುತ್ತಾ, ಗಟ್ಟಿಯಾಗಿ ಹೇಳಿದರು.

"ಸಿಕ್ತು ಸಾರ್!"

ಯಾರಿಗೂ ಏನೂ ಅರ್ಥವಾಗಲಿಲ್ಲ. ಪಾಪ, ದುಃಖ ತಡೆಯಲಾಗಲಿಲ್ಲ ಎಂದು ಹೆಂಗಸರು ಪಿಸುಗುಟ್ಟಿದರು. ಪತ್ರಕರ್ತರ ಸಾಲಿನಲ್ಲಿದ್ದ ವೆಂಕಟರವಣನ ಪೆನ್ನು ನಿಂತಿತು. ಅವನು ತಲೆ ಎತ್ತಿ ಆಕೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಕರವಸ್ತ್ರ ಹುಡುಕಿಕೊಂಡೆ.

ಲಕ್ಷ್ಮೀದೇವಮ್ಮನವರು ಜನರನ್ನು ದಾಟಿಕೊಂಡು ನೆಟ್ಟಗೆ ಚಪ್ಪಡಿಯ ಬಳಿ ಹೋದರು. ದೀಪದ ಗೂಡನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಚಪ್ಪಲಿ ಕಾಲಲ್ಲೇ, ಮೂಡಣ ಮೂಲೆಯಲ್ಲಿ ಕಾಲು ಇಳಿಬಿಟ್ಟು ಕೂತರು. ಪ್ಯಾರು ಆಗಲೇ ಟೀ ಸೋಸುತ್ತಿದ್ದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟ.

"ತಗೊಳ್ಳಿ ಅಮ್ಮಾ" ಎಂದ. "ಸಾರ್ ಲೆಕ್ಕ."

ಆಕೆ ಊದಿ ಊದಿ ಕುಡಿದರು. ಚಪ್ಪಲಿ ಬಿಡಿ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.